ತಳ ಕಾಣುವ ಕೊಳ

ಆ ಬಡಾವಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಟ್ಯಾಂಕಿ ಅಂದರೆ ಸಾಕು, ಹಾಲಿನ ಅಂಗಡಿಯವನಿಗೂ ಗೊತ್ತು, ಸ್ಕೂಲಿನ ದೊಡ್ಡ ಮೇಡಮ್ಮಿಗೂ ಗೊತ್ತು. ಮಾಳಿಗೆ ಮೇಲಿನ ನೀರಿನ ಟ್ಯಾಂಕಾಗಲಿ, ನೆಲದೊಳಗಿನ ಸಂಪಾಗಲಿ, ಗಬ್ಬು ನಾರಲು ಶುರುವಾಯಿತೆಂದರೆ ಅವನೇ ಬರಬೇಕು. ಹೆಗಲ ಮೇಲೊಂದು ಪುಟ್ಟ ಮೋಟಾರು, ಕೈಯಲ್ಲಿ ಪೈಪಿನ ಸುರುಳಿ, ಬಕೆಟ್ಟಿನಲ್ಲಿ ಬ್ರಷ್ಷು ಮತ್ತು ಬ್ಲೀಚಿಂಗ್ ಪುಡಿ. ಮನುಷ್ಯ ತೆಳ್ಳಗೆ, ಉದ್ದಕ್ಕೆ. ಟ್ಯಾಂಕಿನ ಸಣ್ಣ ಬಾಯೊಳಗೆ ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಭುಜ ಒಂದೊಂದಾಗಿ, ಹೀಗೆ ಕಂತಿನ ಮೇಲೆ ಇಳಿಯುತ್ತಿದ್ದ. ಇಳಿದ ಮೇಲೆ ಒಳಗಿನಿಂದ ಹಾಡು ಶುರು. ಪಾಪ, ಅವನ ಕಂಠಕ್ಕೆ ಟ್ಯಾಂಕಿನ ಹೊರಗೆ ಕವಡೆ ಕಾಸಿನ ಕಿಮ್ಮತ್ತೂ ಇರಲಿಲ್ಲ.

ಕೆಲಸ ಮುಗಿದ ಮೇಲೆ ಅವನದೊಂದು ಪದ್ಧತಿ. ಹೊಸ ನೀರು ತುಂಬಿಸಿ, ಜೇಬಿನಿಂದ ಒಂದು ನಾಣ್ಯ ತೆಗೆದು ಪುಳಕ್ಕನೆ ಒಳಗೆ ಬಿಡುತ್ತಿದ್ದ. ಆಮೇಲೆ ಮನೆ ಯಜಮಾನರನ್ನು ಏಣಿ ಹತ್ತಿಸಿ, "ನೋಡಿ ಹೇಳಿ ಸಾರ್, ತಲೆನೋ ಅಂಕಿನೋ?" ಅಂತ ಕೇಳುತ್ತಿದ್ದ. ಮೇಲಿನಿಂದ ಇಣುಕಿ ಸರಿಯಾಗಿ ಹೇಳಿದರೆ ಕೆಲಸ ಮುಗಿಯಿತು. ಹೇಳಲು ತಡವರಿಸಿದರೆ ಯಾರೂ ಬಲವಂತ ಮಾಡದಿದ್ದರೂ ತಾನೇ ಮತ್ತೆ ಇಳಿಯುತ್ತಿದ್ದ. ಒಮ್ಮೆ ಒಬ್ಬ ವಕೀಲರು ಕನ್ನಡಕ ಕೆಳಗೇ ಮರೆತು ಹತ್ತಿ, ಪಾಪದವನನ್ನು ಸುಮ್ಮನೆ ಎರಡೆರಡು ಸಲ ಇಳಿಸಿದ್ದರು. ನಾಣ್ಯ ಅಲ್ಲೇ ತಳದಲ್ಲಿ ಇರುತ್ತಿತ್ತು, ಮುಂದಿನ ಸಲ ತೊಳೆಯುವವರೆಗೆ. ಪಾಚಿ ಅಂದರೆ ಅವನಿಗೆ ಆಗುತ್ತಿರಲಿಲ್ಲ. ನೀರಿನಲ್ಲಿ ಮಿಸುಕಾಡುವ ಹುಳ ಅಂದರಂತೂ ಮೈಯೆಲ್ಲ ಉರಿ. ನೀರಿನಲ್ಲಿ ನೀರು ಬಿಟ್ಟು ಬೇರೇನೂ ಇರಕೂಡದು ಅನ್ನುವುದು ಅವನ ಜೀವಮಾನದ ನಂಬಿಕೆ.

ಮನೆಯಲ್ಲಿ ಮೂರೇ ಜನ. ಹೆಂಡತಿಗೆ ಬಟ್ಟೆ ಅಂಗಡಿಯಲ್ಲಿ ಅಳತೆ ಹಾಕಿ ಕತ್ತರಿಸುವ ಕೆಲಸ. ಇನ್ನೊಬ್ಬರು ಅತ್ತೆ, ಹೆಂಡತಿಯ ತಾಯಿ. ಅತ್ತೆ ವಯಸ್ಸೆಲ್ಲ ಬಟನ್ ಕಾರ್ಖಾನೆಯಲ್ಲಿ ಸವೆಸಿದವರು. ಮೇಜಿನ ಮೇಲೆ ಹರಿದು ಬರುವ ಬಟನ್ನುಗಳಲ್ಲಿ ತೂತು ಓರೆಯಾದದ್ದು, ಅಂಚು ಚಕ್ಕೆ ಎದ್ದದ್ದು, ಬಣ್ಣ ಒಂದು ಚೂರು ಹೆಚ್ಚುಕಮ್ಮಿ ಆದದ್ದು ಹೆಕ್ಕಿ ತೆಗೆಯುವುದು ಅವರ ಕೆಲಸ. ಅವರ ಕಣ್ಣು ತಪ್ಪಿಸಿ ಒಂದೇ ಒಂದು ಬಟನ್ ಆಚೆ ಹೋಗುತ್ತಿರಲಿಲ್ಲವಂತೆ. ಜೊತೆಯವರು ಅವರಿಗೆ ದುರ್ಬೀನು ಅಂತಲೇ ಹೆಸರಿಟ್ಟಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಮಗಳ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಮರದ ಸ್ಟೂಲು, ಒಂದು ಡಬ್ಬಿ ತುಂಬ ಬೇಡವಾದ ಬಟನ್ನು. ಬೀದಿಯ ಹೆಂಗಸರು ಬಟನ್ ಉದುರಿದ ಅಂಗಿ ಹಿಡಿದುಕೊಂಡು ಬಂದರೆ, ಡಬ್ಬಿಗೆ ಕೈ ಹಾಕಿ ಕ್ಷಣದಲ್ಲಿ ಜೋಡಿ ಹುಡುಕಿ ಕೊಡುತ್ತಿದ್ದರು.

ಅಳಿಯ ಅತ್ತೆಗೆ ಹೊಡೆದಾಟ ಬಡಿದಾಟ ಏನೂ ಇರಲಿಲ್ಲ. ಇದ್ದ ತಕರಾರು ಒಂದೇ, ಹಿತ್ತಲ ನೀರಿನದು. ಮನೆ ಕಟ್ಟಿದವರು ಕೆಲಸಕ್ಕೆ ನೀರು ನಿಲ್ಲಿಸಲು ನೆಲದಲ್ಲಿ ಒಂದು ಸಿಮೆಂಟಿನ ತೊಟ್ಟಿ ಮಾಡಿ, ಒಡೆಯದೆ ಹಾಗೇ ಬಿಟ್ಟು ಹೋಗಿದ್ದರು. ಮಳೆಯ ನೀರು ನಿಂತಿತು, ಮಣ್ಣು ಜಾರಿ ತಳ ಸೇರಿತು, ಅಂಚಿನಲ್ಲಿ ಹುಲ್ಲು ಬೆಳೆಯಿತು. ಅತ್ತೆ ಅದರ ನಡುವೆ ಒಂದು ಕಲ್ಲು ಇಡಿಸಿ, ಪಕ್ಕದಲ್ಲಿ ತಮ್ಮ ಸ್ಟೂಲು ಹಾಕಿ, "ನನ್ನ ಕೊಳ" ಅಂದರು. ಟ್ಯಾಂಕಿಯ ಪಾಲಿಗೆ ಅದು ತೊಟ್ಟಿ. ಅದೂ ಎಂಥಾ ತೊಟ್ಟಿ, ಊರವರ ಟ್ಯಾಂಕು ತೊಳೆಯುವವನ ಹಿತ್ತಲಲ್ಲೇ ಪಾಚಿಗಟ್ಟಿದ ತೊಟ್ಟಿ! ಯಾರಾದರೂ ಗಿರಾಕಿ ಮನೆಗೆ ಬಂದರೆ ಹಿಂಬಾಗಿಲು ಎಳೆದುಕೊಂಡು ನಿಲ್ಲುತ್ತಿದ್ದ.

ಅತ್ತೆ ಮಾತ್ರ ಸಂಜೆಯಾದರೆ ಅಲ್ಲೇ. ಊಟಕ್ಕೆ ಕೂತಾಗ ಅಂದಿನ ಸಮಾಚಾರವೆಲ್ಲ ಅವರ ಬಾಯಿಂದಲೇ ಬರಬೇಕು. ಕಡಜ ಬಂದು ಅಂಚಿನಲ್ಲಿ ಕೂತು ನೀರು ಕುಡಿದು ಹೋಯಿತು. ಏರೋಪ್ಲೇನ್ ಚಿಟ್ಟೆ ಬಾಲ ಅದ್ದಿ ಅದ್ದಿ ಎತ್ತುತ್ತಿತ್ತು. ಮಿಂಚುಳ್ಳಿಯೊಂದು ತಂತಿಯ ಮೇಲೆ ಬಹಳ ಹೊತ್ತು ಹೊಂಚು ಹಾಕಿ, ಇಲ್ಲಿ ಮೀನಿಲ್ಲ ಅಂತ ತಿಳಿದು ಬೈದುಕೊಂಡು ಹೋಯಿತು. ಓತಿಕ್ಯಾತ ಒಂದು ನೀರಿನಲ್ಲಿ ತನ್ನ ಮುಖ ನೋಡಿ ತಲೆ ಆಡಿಸಿತು. ಕಲ್ಲಿನ ಮೇಲೆ ಕೂರುತ್ತಿದ್ದ, ಬೆನ್ನಿನ ಮೇಲೆ ಹಳದಿ ಗೀಟಿದ್ದ ದಪ್ಪ ಕಪ್ಪೆಗೆ ಅತ್ತೆ ಮೇಸ್ತ್ರಿ ಅಂತ ಹೆಸರಿಟ್ಟಿದ್ದರು. ಕೆಲಸ ಮಾಡುವುದಿಲ್ಲ, ಎಲ್ಲರನ್ನೂ ನೋಡುತ್ತಾ ಕೂತಿರುತ್ತದೆ ಅಂತ.

ಹೀಗಿದ್ದ ಕಣ್ಣಿಗೆ ಪೊರೆ ಬಂತು, ಅದೂ ಎರಡಕ್ಕೂ. ದುರ್ಬೀನಿನ ಗಾಜು ಮಂಜಾಯಿತು ಅಂತ ಅತ್ತೆ ತಾವೇ ನಗುತ್ತಿದ್ದರು. ಎದುರು ಬಂದವರ ಮುಖ ತಿಳಿಯದೆ ಧ್ವನಿಯಿಂದ ಗುರುತು ಹಿಡಿಯುವಂತಾದರೂ ಸ್ಟೂಲು ಬಿಡಲಿಲ್ಲ. ಮೊದಲಿಗಿಂತ ಮುಂದಕ್ಕೆ ಬಗ್ಗಿ, ಮೂಗು ನೀರಿಗೆ ತಾಗುವ ಹಾಗೆ ಕೂರುತ್ತಿದ್ದರು. ಆ ಮಳೆಗಾಲದ ಮೊದಲಲ್ಲಿ ಒಂದು ದಿನ, "ಮೇಸ್ತ್ರಿ ಹೆಣ್ಣು ಕಣೇ, ಮೊಟ್ಟೆ ಇಟ್ಟಿದೆ," ಅಂದರು. ಕೆಲವು ದಿನ ಹೋದ ಮೇಲೆ, "ಗೊದಮೊಟ್ಟೆ ಆಗಿವೆ. ತಳದ ತುಂಬ ಕರ್ರಗೆ ಓಡಾಡ್ತಿವೆ," ಅಂದರು. ಇನ್ನಷ್ಟು ದಿನಕ್ಕೆ, "ಕಾಲು ಬರ್ತಿದೆ. ಹಿಂದಿನ ಕಾಲು."

ಮಗಳು ನಕ್ಕಳು. "ಅಮ್ಮಾ, ಎದುರಿಗೆ ಕೂತಿರೋ ಅಳಿಯನೇ ನಿನಗೆ ಕಾಣಲ್ಲ, ಗೊದಮೊಟ್ಟೆಯ ಕಾಲು ಕಾಣುತ್ತಾ?"

"ಅಳಿಯಂದ್ರನ್ನ ನೋಡಬೇಕು ಅಂತ ನಂಗೇನೂ ಅಂಥಾ ಆಸೆ ಇಲ್ಲ ಬಿಡು," ಅಂದರು ಅತ್ತೆ. ಟ್ಯಾಂಕಿಯೂ ನಕ್ಕ. ಕಾಲು ಬಂದಿದೆಯೋ ಇಲ್ಲವೋ ಅಂತ ಹಿತ್ತಲಿಗೆ ಹೋಗಿ ನೋಡುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಕಣ್ಣಿನ ಡಾಕ್ಟರು ಮೊದಲು ಎಡಗಣ್ಣಿನದು ತೆಗೆಯೋಣ, ಆಮೇಲೆ ಬಲಗಣ್ಣಿನದು, ಅದೂ ಬಲಿತಿದೆ, ತಡ ಮಾಡಿದರೆ ಆ ಕಣ್ಣೇ ಹೋಗುತ್ತದೆ ಅಂತ ಹೇಳಿದರು. ಆಸ್ಪತ್ರೆ ದೊಡ್ಡ ಪೇಟೆಯಲ್ಲಿ. ಒಂದು ರಾತ್ರಿ ಅಲ್ಲೇ ಉಳಿಯಬೇಕು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, "ಅಳಿಯಂದ್ರೆ, ಬಂದ ಕೂಡಲೇ ನಾನು ಮೊದಲು ನೋಡೋದು ನನ್ನ ಕೊಳ. ಆಮೇಲೆ ನೀವೆಲ್ಲ," ಅಂದರು. ಅಮ್ಮ ಮಗಳು ಬಸ್ಸು ಹತ್ತಿದರು.

ಟ್ಯಾಂಕಿಗೆ ಆ ಮಾತು ತಟ್ಟಿತು. ಹೊಸ ಕಣ್ಣು ಬಂದು ಮೊದಲು ನೋಡುವುದು ಆ ಪಾಚಿಗಟ್ಟಿದ ಕೊಚ್ಚೆಯನ್ನೇ? ಊರಿಗೆಲ್ಲ ತಳ ಕಾಣಿಸಿದವನು ಸ್ವಂತ ಅತ್ತೆಗೆ ಕಾಣಿಸದಿದ್ದರೆ ಹೇಗೆ? ಇಷ್ಟು ವರ್ಷದ ತಕರಾರಿಗೆ ಇದೊಂದು ಉಡುಗೊರೆಯಾಗಲಿ ಅಂದುಕೊಂಡ. ಒಳ್ಳೆಯ ಮನಸ್ಸಿನಿಂದಲೇ ಅಂದುಕೊಂಡ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮಧ್ಯಾಹ್ನ ಇದ್ದ ಒಂದು ಕೆಲಸವನ್ನೂ ಮುಂದೂಡಿ, ಮೋಟಾರು ಇಳಿಸಿ, ಪೈಪನ್ನು ಬೀದಿಯ ಮೋರಿಗೆ ಬಿಟ್ಟು ಸ್ವಿಚ್ಚು ಹಾಕಿದ. ಮೇಸ್ತ್ರಿ ಸದ್ದಿಗೆ ಬೆಚ್ಚಿ ಎರಡೇ ನೆಗೆತಕ್ಕೆ ಗೋಡೆ ದಾಟಿ ಹೋಯಿತು.

ಅರ್ಧ ನೀರು ಹೋಗಿತ್ತೇನೋ, ಮೋಟಾರು ಕೆಮ್ಮಲು ಶುರು ಮಾಡಿತು. ಪೈಪಿನ ಬಾಯಿಯ ಜಾಲರಿ ಕಟ್ಟಿಕೊಂಡಿತ್ತು. ಎತ್ತಿ ನೋಡಿದರೆ ಕರ್ರಗೆ, ಲೋಳೆ ಲೋಳೆ, ಮಿಸುಕಾಡುತ್ತಿರುವ ಏನೋ. ಥೂ, ಹುಳ, ಅಂತ ಬಾಚಿ ಪಕ್ಕಕ್ಕೆ ಎಸೆದ. ಮತ್ತೆ ಕಟ್ಟಿಕೊಂಡಿತು, ಮತ್ತೆ ಬಾಚಿದ. ಆ ಸಲ ಒಂದು ಅಂಗೈಗೆ ಅಂಟಿಕೊಂಡಿತು. ಕೊಡವಿದರೆ ಬೀಳಲಿಲ್ಲ. ಹತ್ತಿರ ಹಿಡಿದು ನೋಡಿದ. ಉಂಡೆ ತಲೆ, ಬಾಲ, ಬಾಲದ ಬುಡದಲ್ಲಿ ಎರಡು ಕಾಲು. ದಾರದೆಳೆಯಷ್ಟು ಸಣ್ಣ ಕಾಲು, ಮಂಡಿ ಮಡಚಿಕೊಂಡು, ತುದಿಯಲ್ಲಿ ಬೆರಳು ಕೂಡ. ಅದು ಅಂಗೈಯನ್ನು ಒದೆಯಿತು.

ಅಲ್ಲೇ ನಿಲ್ಲಿಸಬಹುದಿತ್ತು. ಅರ್ಧ ನೀರು ಇನ್ನೂ ಇತ್ತು. ಸ್ವಿಚ್ಚು ಕೈಯಳತೆಯಲ್ಲೇ ಇತ್ತು. ಆಮೇಲೆ ಅವನು ಎಷ್ಟೋ ಸಲ ಆ ಸ್ವಿಚ್ಚನ್ನು ಮನಸ್ಸಿನಲ್ಲೇ ಆರಿಸಿದ್ದಾನೆ. ಆದರೆ ಆಗ ಆರಿಸಲಿಲ್ಲ. ಅರ್ಧ ತೊಳೆದು ಬಿಟ್ಟ ತೊಟ್ಟಿ ಅನ್ನುವುದು ಅವನ ಜನ್ಮದಲ್ಲೇ ಇರಲಿಲ್ಲ. ಹೇಗೂ ಅರ್ಧ ಹೋಗಿವೆ, ಹೊಸ ನೀರಿಗೆ ಮತ್ತೆ ಬರುತ್ತವೆ ಬಿಡು ಅಂತ ತನಗೆ ತಾನೇ ಹೇಳಿಕೊಂಡು, ಕೈ ಜಾಡಿಸಿ, ಜಾಲರಿ ಒರೆಸಿ ಮತ್ತೆ ಇಳಿಸಿದ. ಆಮೇಲೆ ಬ್ರಷ್ಷು, ಬ್ಲೀಚಿಂಗ್ ಪುಡಿ, ಮೂರು ಸುತ್ತು ಉಜ್ಜಾಟ. ಆ ದಿನ ಹಾಡು ಮಾತ್ರ ಬರಲಿಲ್ಲ. ಸಂಜೆ ಹೊತ್ತಿಗೆ ಸಿಮೆಂಟು ಬಿಳಿಚಿಕೊಂಡು ಹೊಳೆಯಿತು. ಹೊಸ ನೀರು ತುಂಬಿಸಿ ಒಂದು ನಾಣ್ಯ ಬಿಟ್ಟ.

ಮರುದಿನ ಮಧ್ಯಾಹ್ನ ಅತ್ತೆ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು, ನೆಟ್ಟಗೆ ಹಿತ್ತಲಿಗೆ. ಸ್ಟೂಲಿನ ಮೇಲೆ ಕೂತು ಕನ್ನಡಕ ಹಣೆಗೇರಿಸಿ ಬಗ್ಗಿದರು. ಟ್ಯಾಂಕಿ ಪಕ್ಕದಲ್ಲಿ ನಿಂತು, ಗಿರಾಕಿಗಳಿಗೆ ಕೇಳುವ ಹಾಗೇ ಕೇಳಿದ. "ತಲೆನೋ ಅಂಕಿನೋ ಅತ್ತೆ?"

"ಅಂಕಿ," ಅಂದರು ತಕ್ಷಣ. ಮಗಳು ಚಪ್ಪಾಳೆ ತಟ್ಟಿದಳು. ಅತ್ತೆಯ ಮುಖ ಅರಳಿತು. ಅರಳಿದ ಮುಖದಲ್ಲೇ ನೀರಿನ ಮೂಲೆ ಮೂಲೆ ಹುಡುಕಿದರು. ಆಮೇಲೆ ಕೇಳಿದರು, "ಮರಿಗಳೆಲ್ಲಿ?"

ಹೆಂಡತಿ ಅವನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದಳು. ಅಪರೂಪಕ್ಕೆ ಸಿಕ್ಕ ಮೆಚ್ಚುಗೆ. ನಾಲಿಗೆ ತಾನಾಗಿಯೇ ಹೊರಳಿತು. "ಯಾವ ಮರಿ ಅತ್ತೆ? ನೀರು ತೆಗೆದಾಗ ಅಲ್ಲಿ ಏನೂ ಇರಲಿಲ್ಲವಲ್ಲ. ಬರೀ ಪಾಚಿ."

"ತಳದ ತುಂಬ ಇದ್ವು. ಕರ್ರಗೆ ಓಡಾಡ್ತಿದ್ವು."

"ಅಮ್ಮಾ, ಆಸ್ಪತ್ರೆಯ ನರ್ಸು ಹೇಳಲಿಲ್ವಾ?" ಅಂದಳು ಮಗಳು. "ವಯಸ್ಸಾದವರ ಕಣ್ಣೆದುರು ಕಪ್ಪು ಚುಕ್ಕಿಗಳು ಓಡಾಡಿದ ಹಾಗೆ ಕಾಣುತ್ತೆ ಅಂತ. ನೀನು ನೋಡಿದ್ದು ಅದೇ ಇರಬೇಕು."

ಅತ್ತೆ ಅಳಿಯನ ಕಡೆ ತಿರುಗಿದರು. ಆ ಎಡಗಣ್ಣು ಈಗ ಚೆನ್ನಾಗಿ ಕಾಣುತ್ತಿತ್ತು. "ಹೌದಾ ಅಳಿಯಂದ್ರೆ? ಒಂದೂ ಇರಲಿಲ್ವಾ?"

"ಇರಲಿಲ್ಲ ಅತ್ತೆ," ಅಂದ.

"ಕಾಲು ಬಂದಿದ್ದೂ ನೋಡಿದ್ದೆ," ಅಂದರು ಮೆಲ್ಲಗೆ, ಯಾರಿಗೂ ಅಲ್ಲ. ಕನ್ನಡಕ ಇಳಿಸಿಕೊಂಡು ಎದ್ದರು.

ಸಣ್ಣ ಸುಳ್ಳು, ಒಂದೆರಡು ದಿನದಲ್ಲಿ ಮರೆತುಹೋಗುತ್ತದೆ ಅಂದುಕೊಂಡಿದ್ದ. ಅದು ಮರೆತುಹೋಗಲಿಲ್ಲ, ಮನೆಯೊಳಗೆ ಬೇರು ಬಿಟ್ಟಿತು. ಅತ್ತೆ ಒಲೆ ಆರಿಸಿ ಬಂದು, ಮತ್ತೆ ಹೋಗಿ ನೋಡಿ, ಮತ್ತೆ ಮಗಳನ್ನು ಕಳಿಸಿ ನೋಡಿಸತೊಡಗಿದರು. ತಮ್ಮ ಹತ್ತಿರ ಇದ್ದ ಬೀಗದ ಕೈಯನ್ನು ಮಗಳ ಚೀಲಕ್ಕೆ ಹಾಕಿದರು. ಎದುರುಮನೆಯ ಹೆಂಗಸು ಅಂಗಿ ಹಿಡಿದುಕೊಂಡು ಬಂದರೆ, "ನನ್ನ ಕಣ್ಣನ್ನ ನಂಬಬೇಡಮ್ಮ. ಇಲ್ಲದ್ದೆಲ್ಲ ಕಾಣುತ್ತೆ ನಂಗೆ," ಅಂತ ವಾಪಸ್ಸು ಕಳಿಸಿದರು. ಸ್ಟೂಲು ಹಿತ್ತಲಿನಿಂದ ಅಡುಗೆಮನೆಗೆ ಬಂತು. ಊಟದ ಹೊತ್ತಿನ ಸಮಾಚಾರ ನಿಂತಿತು. ಮಳೆ ಸುರಿದ ಸಂಜೆಗಳಲ್ಲಿ ಎಲ್ಲೋ ದೂರದ ಖಾಲಿ ಸೈಟಿನಲ್ಲಿ ಕಪ್ಪೆಗಳು ಒದರುತ್ತಿದ್ದವು, ಹಿತ್ತಲಿನಿಂದ ಒಂದು ಸದ್ದಿಲ್ಲ. ಅತ್ತೆ ತಟ್ಟೆಯ ಮೇಲೆ ಕೈ ಹಿಡಿದು ಕೇಳಿಸಿಕೊಳ್ಳುವರು, ಆಮೇಲೆ, "ಕೇಳಿಸ್ತಿದೆ ಅಲ್ವಾ ನಿಮಗೂ?" ಅಂತ ಕೇಳುವರು. ಆ ಪ್ರಶ್ನೆ ಬಂದರೆ ಟ್ಯಾಂಕಿ ತಟ್ಟೆಯಲ್ಲೇ ಕೈ ತೊಳೆದು ಏಳುತ್ತಿದ್ದ.

"ಅಮ್ಮನಿಗೆ ಅರಳುಮರಳು ಶುರುವಾಯ್ತೇನೋ ರೀ," ಅಂತ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು.

"ಛೆ, ಹಾಗೇನಿಲ್ಲ," ಅಂದ. ಅಷ್ಟೇ ಅಂದ. ಮುಂದಿನ ಮಾತು ಬಾಯಿಯವರೆಗೂ ಬಂದಿತ್ತು, ನುಂಗಿಕೊಂಡ. ಎಂಥಾ ಹೇಡಿ ನೋಡಿ, ಕತ್ತಲ ಸಂಪಿನೊಳಗೆ ಒಬ್ಬನೇ ಇಳಿಯುವ ಗಂಡಸು ಹೆಂಡತಿಯ ಎದುರು ಒಂದು ಮಾತಿಗೆ ಹೆದರಿದ.

ಬಾಯಿ ಬಿಡುವ ಬದಲು ಕಳ್ಳದಾರಿ ಹುಡುಕಿದ. ಬಸ್ ಡಿಪೋ ಹಿಂದೆ ಒಂದು ಹಳ್ಳದಲ್ಲಿ ನೀರು ನಿಂತಿತ್ತು. ಕೆಲಸ ಮುಗಿಸಿ ಬರುವಾಗ ಪ್ಯಾಂಟು ಮಡಚಿ ಇಳಿದು, ಟೀ ಸೋಸುವ ಜರಡಿಯಲ್ಲಿ ಗೊದಮೊಟ್ಟೆ ಹಿಡಿದು ಬಕೆಟ್ಟು ತುಂಬಿಸಿದ. ಕಂಡಕ್ಟರುಗಳು, "ಏನ್ ಟ್ಯಾಂಕಿ, ಇದ್ಯಾವ ಹೊಸ ಬಿಸಿನೆಸ್ಸು?" ಅಂತ ರೇಗಿಸಿದರು. ಯಾರಿಗೂ ಕಾಣದ ಹಾಗೆ ತಂದು ಕೊಳಕ್ಕೆ ಸುರಿದ. ಓಡಾಡಿದವು. ಅವನ ಎದೆ ಹಗುರಾಯಿತು. ನಾಳೆ ಅತ್ತೆಯನ್ನು ಕರೆತಂದು ತೋರಿಸಿ, ನೋಡಿ ಮತ್ತೆ ಬಂದಿವೆ ಅಂದರಾಯಿತು.

ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೂರು ಸುತ್ತು ಬ್ಲೀಚಿಂಗ್ ಪುಡಿ ಉಜ್ಜಿದ ಸಿಮೆಂಟು, ಕೆಸರಿಲ್ಲ, ಪಾಚಿಯ ಒಂದು ಎಳೆಯಿಲ್ಲ. ಏನು ತಿಂದು ಬದುಕಬೇಕು ಅವು, ಎಲ್ಲಿ ಅಡಗಬೇಕು? ಅದೇ ಜರಡಿಯಲ್ಲಿ ಎಲ್ಲವನ್ನೂ ತೆಗೆದು ಗಿಡದ ಬುಡದಲ್ಲಿ ಹೂತ. ಕೈ ಎಷ್ಟು ತೊಳೆದರೂ ಆ ಅಂಗೈಯಲ್ಲಿ ಏನೋ ಒದೆಯುತ್ತಿರುವ ಹಾಗೇ ಆಗುತ್ತಿತ್ತು.

ಅದೇ ದಿನ ಆಸ್ಪತ್ರೆಯಿಂದ ಫೋನು ಬಂತು, ಬಲಗಣ್ಣಿಗೆ ದಿನ ಗೊತ್ತು ಮಾಡಿಕೊಳ್ಳಿ ಅಂತ. ಅತ್ತೆ ಬೇಡ ಅಂದುಬಿಟ್ಟರು. ಮಗಳು ಬೇಡಿಕೊಂಡಳು, ಬೈದಳು, ಅತ್ತಳು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಕೆಟ್ಟಿರೋದು ಕಣ್ಣಲ್ಲ ಕಣೇ, ತಲೆ. ತಲೆಗೆ ಪೊರೆ ಬಂದಿದೆ, ಅದಕ್ಕೆ ಯಾವ ಆಪರೇಷನ್ನು ಮಾಡ್ತಾರೆ? ಇರೋ ಒಂದು ಕಣ್ಣೇ ಸಾಕು, ಇಲ್ಲದ್ದನ್ನು ನೋಡೋಕೆ ಎರಡು ಯಾಕೆ?"

ಮಗಳು ಚೀಲ ತೆಗೆದುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಅಂಗಡಿಗೆ ಹೋದಳು. ಟ್ಯಾಂಕಿಗೂ ಕೆಲಸ ಇತ್ತು, ಹೋದ. ಯಾರದೋ ಟ್ಯಾಂಕು ತೊಳೆದು, ನೀರು ತುಂಬಿಸಿ, ಜೇಬಿಗೆ ಕೈ ಹಾಕಿ ನಾಣ್ಯ ತೆಗೆದವನು ಅದನ್ನು ಬಿಡಲಾಗದೆ ಹಾಗೇ ನಿಂತ. ಆ ಮನೆಯವರು ಏಣಿಯ ಕೆಳಗೆ ಕಾಯುತ್ತಿದ್ದರು. ನಾಣ್ಯ ಜೇಬಿಗೆ ಹಾಕಿಕೊಂಡು ಇಳಿದು ಮನೆಗೆ ಬಂದ.

ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಬಟನ್ ಡಬ್ಬಿ ಸುರಿದುಕೊಂಡು ಕೂತಿದ್ದರು. ಎರಡೂ ಕಣ್ಣು ಮುಚ್ಚಿದ್ದರು. ಬೆರಳಿನಿಂದ ತಡವಿ ತಡವಿ ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ ಮಾಡುತ್ತಿದ್ದರು.

"ಕಣ್ಣು ಯಾಕೆ ಮುಚ್ಚಿದ್ದೀರಿ ಅತ್ತೆ?"

"ಬೆರಳನ್ನಾದ್ರೂ ನಂಬಬಹುದು ಅಂತ, ಅಳಿಯಂದ್ರೆ."

ಅವನು ನೆಲದ ಮೇಲೆ, ಸ್ಟೂಲಿನ ಹತ್ತಿರ ಕೂತುಬಿಟ್ಟ. "ಇದ್ವು ಅತ್ತೆ," ಅಂದ.

ಬೆರಳು ನಿಂತಿತು.

"ಮರಿಗಳು ಇದ್ವು. ತಳದ ತುಂಬ ಇದ್ವು. ಮೋಟಾರಿಗೆ ಸಿಕ್ಕಿಕೊಂಡು ಬಂದ್ವು. ಮೊದಲು ಹುಳ ಅಂದುಕೊಂಡೆ. ಆಮೇಲೆ ಒಂದು ಅಂಗೈ ಮೇಲೆ ಕೂತಿತ್ತು, ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ಎಲ್ಲ ಮೋರಿಗೆ ಬಿಟ್ಟೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ತಲೆಗೆ ಏನೂ ಆಗಿಲ್ಲ ಅತ್ತೆ. ಕಣ್ಣಿಗೆ ಕಂಡಿದ್ದೂ ನಿಜವೇ. ಆಗಿರೋದೆಲ್ಲ ನನ್ನಿಂದ."

ಅತ್ತೆ ಕಣ್ಣು ತೆರೆದರು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು.

"ಮೇಸ್ತ್ರಿ?" ಅಂದರು ಕೊನೆಗೆ.

"ಗೋಡೆ ಹಾರಿ ಹೋಯ್ತು. ನಾನೇ ನೋಡಿದೆ."

"ಜಾಣೆ." ಒಂದು ಬಟನ್ ಎತ್ತಿ ಮತ್ತೆ ಇಟ್ಟರು. "ಕಾಲು ಬಂದಿತ್ತಾ?"

"ಬಂದಿತ್ತು."

"ಹಿಂದಿನದು?"

"ಹಿಂದಿನವು, ಎರಡೂ. ಮಂಡಿ ಮಡಚಿಕೊಂಡಿತ್ತು. ಬೆರಳು ಕೂಡ ಇತ್ತು."

ಅತ್ತೆಯ ಮುಖ ಬದಲಾಯಿತು. ಅವನು ಬಿರುಗಾಳಿಗೆ ಕಾದು ಕೂತಿದ್ದ. ಆದರೆ ಅವರು ನಕ್ಕರು. ಆಸ್ಪತ್ರೆಯಿಂದ ಬಂದ ದಿನ ನೀರಿಗೆ ಬಗ್ಗಿ ಅಂಕಿ ಅಂದಾಗ ಅರಳಿದ್ದ ಅದೇ ಮುಖ. ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡು, "ನಾನು ಹೇಳಿದ್ದೆ. ಹಿಂದಿನ ಕಾಲು ಅಂತ ಹೇಳಿದ್ದೆ ನಾನು," ಅಂದರು. ಕಣ್ಣಿಂದ ನೀರು ಸುರಿಯುತ್ತಿತ್ತು, ನಗು ನಿಂತಿರಲಿಲ್ಲ. "ಅವಳಿಗೆ ಫೋನ್ ಮಾಡು. ಇನ್ನೊಂದು ಕಣ್ಣಿಗೂ ದಿನ ಗೊತ್ತು ಮಾಡಲಿ."

"ಬೈಯಿರಿ ಅತ್ತೆ," ಅಂದ ಟ್ಯಾಂಕಿ. "ದಮ್ಮಯ್ಯ, ಒಂದು ಸಲ ಬೈದುಬಿಡಿ."

"ಬೈತೀನಿ. ಬೈಯದೆ ಬಿಡ್ತೀನಾ? ನಾಳೆ ಬೆಳಗ್ಗೆಯಿಂದ ಶುರು, ನನ್ನ ಕೊಳಕ್ಕೆ ನೀನು ಹೊತ್ತುಕೊಂಡು ಬಂದು ಹಾಕೋ ಒಂದೊಂದು ಬುಟ್ಟಿ ಮಣ್ಣಿಗೂ ಬೈತೀನಿ. ಇವತ್ತು ಮಾತ್ರ ಬೇಡಪ್ಪಾ. ಇವತ್ತು ಸ್ವಲ್ಪ ಹೊತ್ತು ನಂಗೆ ಖುಷಿಯಾಗಿರೋಕೆ ಬಿಡು."

ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ಬಗ್ಗಿದರು. "ಇನ್ನೊಂದು ಸಲ ಹೇಳು. ಕಾಲು ಎಷ್ಟುದ್ದ ಇತ್ತು?"

ಅವನು ಅಂಗೈ ಬಿಚ್ಚಿ ಹಿಡಿದು, ಬೆರಳ ತುದಿಯಿಂದ ಅಳತೆ ತೋರಿಸಿದ. ಅತ್ತೆ ಆ ಖಾಲಿ ಅಂಗೈಯನ್ನು ಹೊಸ ಕಣ್ಣಿನಿಂದ ಆಸೆಪಟ್ಟು ನೋಡಿದರು. ಅವನು ತಲೆ ಎತ್ತಲಿಲ್ಲ.